ಸಹಕಾರ ಸಂಘಕ್ಕೆ ಪೆನ್‌ಟೆಸ್ಟ್ ಬೇಕಾ? ಒಬ್ರು 18 ಸಾವಿರ ಅಂತಾರೆ, ಇನ್ನೊಬ್ರು ಎರಡೂವರೆ ಲಕ್ಷ

ತೀರ್ಥಳ್ಳಿ ಗುಮಾಸ್ತ

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಒಂದು ಸಹಕಾರ ಸಂಘದಲ್ಲಿ ಕೆಲಸ ನಂದು, ಹೆಸರು ಬೇಡ. ಅಡಿಕೆ ವ್ಯಾಪಾರ, ಅಡಿಕೆ ಮೇಲೆ ಸಾಲ, ಪಿಗ್ಮಿ, ಗೊಬ್ಬರ ಎಲ್ಲಾ ಇದೆ. ಹುದ್ದೆ ಲೆಕ್ಕದ್ದೇ ಆದ್ರೂ ಇವನಿಗೆ ಕಂಪ್ಯೂಟರ್ ಗೊತ್ತು ಅಂತ ಪ್ರಿಂಟರಲ್ಲಿ ಪೇಪರ್ ಸಿಕ್ಕಿಹಾಕ್ಕೊಂಡ್ರಿಂದ ಹಿಡಿದು ಸಿಡಿಲಿಗೆ ಮೋಡೆಮ್ ಸುಟ್ಟೋದ್ರವರೆಗೆ ಎಲ್ಲಾ ನನ್ ತಲೆಗೇ ಕಟ್ಟಿದಾರೆ.

ವಿಷಯ ಏನಂದ್ರೆ, ಹೋದ ವರ್ಷ ಸದಸ್ಯರಿಗೆ ಅಂತ ಒಂದು ವೆಬ್‌ಸೈಟ್ ಮಾಡ್ಸಿದ್ವಿ, ಲಾಗಿನ್ ಆದ್ರೆ ಸಾಲದ ಬಾಕಿ, ಅಡಿಕೆ ಪಟ್ಟಿ, ಪಿಗ್ಮಿ ಎಲ್ಲಾ ಕಾಣ್ಸುತ್ತೆ. ನಮ್ಮಕ್ಕನ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದ್ತಿದಾನೆ, ದೊಡ್ಡಬ್ಬಕ್ಕೆ ಅಂತ ಬಂದವ್ನು ಅವ್ರಜ್ಜನ ಖಾತೆ ತೆಗೆದು ಕೂತಿದ್ದ. ಮೇಲೆ ಅಡ್ರೆಸ್ ಸಾಲಲ್ಲಿ ಕೊನೆಗೆ ಒಂದು ನಂಬರ್ ಇರುತ್ತಲ್ಲ, ಅದನ್ನ ಒಂದು ಹೆಚ್ಚು ಮಾಡಿ ಎಂಟರ್ ಒತ್ತಿದ್ನಂತೆ, ಪಕ್ಕದ ಊರಿನವ್ರ ಖಾತೆ ಬಂತು. ಇನ್ನೊಂದು ಹೆಚ್ಚು ಮಾಡಿದ್ರೆ ಇನ್ನೊಬ್ರದ್ದು. ಪಾಸ್‌ವರ್ಡ್ ಗೀಸ್‌ವರ್ಡ್ ಏನೂ ಕೇಳಲ್ಲ. ನಾಲ್ಕು ಖಾತೆ ನೋಡಿ ಹೆದರ್ಕೊಂಡು ನನಗೆ ತೋರ್ಸಿದ, ನಾನು ಕಾರ್ಯದರ್ಶಿಗೆ ತೋರ್ಸಿದೆ, ಅವ್ರು ಮೊದ್ಲು ಮಾಡಿದ್ದೇ ಹುಡುಗನಿಗೆ ಬೈದಿದ್ದು, ಪೊಲೀಸ್ ಕೇಸ್ ಹಾಕ್ತೀನಿ ಅಂತೆಲ್ಲಾ. ಸಾಫ್ಟ್‌ವೇರ್ ಮಾಡಿಕೊಟ್ಟವ್ರಿಗೆ ಫೋನ್ ಮಾಡಿದ್ರೆ "ಅಡ್ರೆಸ್ ಯಾರು ಸಾರ್ ಬದಲಾಯಿಸ್ತಾರೆ, ರೈತರು ಹಂಗೆಲ್ಲಾ ಮಾಡಲ್ಲ" ಅಂದ್ರು!

ಒಬ್ರು ನಿರ್ದೇಶಕರ ಮಗ ಬೆಂಗಳೂರಲ್ಲಿ ಕಂಪನೀಲಿರೋದು, ಅವನು ವಿಎಪಿಟಿ, ಅಂದ್ರೆ ಸೈಟಲ್ಲಿ ತೂತು ಎಲ್ಲಿದೆ ಅಂತ ಹುಡ್ಕಿ ಕಳ್ಳರ ಹಾಗೇ ಹೊಕ್ಕು ನೋಡೋ ಪೆನ್‌ಟೆಸ್ಟು, ಮಾಡ್ಸಿ ಅಂದ. ಎರಡು ಕೊಟೇಶನ್ ಬಂದಿದೆ. ಒಂದು 18 ಸಾವಿರ, ಎರಡೇ ದಿನ, ಕೊನೆಗೆ ನೂರಕ್ಕೆ ನೂರು ಸುರಕ್ಷಿತ ಅಂತ ಸರ್ಟಿಫಿಕೇಟ್ ಕೊಡ್ತಾರಂತೆ. ಇನ್ನೊಂದು ಎರಡೂವರೆ ಲಕ್ಷ, ಅವ್ರು ಒಂದು ಗಂಟೆ ಬರೀ ಪ್ರಶ್ನೆ ಕೇಳಿದ್ರು, ಅದರ ಮೇಲೆ ವಲ್ನರಬಿಲಿಟಿ ಮ್ಯಾನೇಜ್‌ಮೆಂಟ್ ಅಂತ ತಿಂಗಳಿಗಿಷ್ಟು ಬೇರೆ ಇದ್ಯಂತೆ. ಅಧ್ಯಕ್ಷರು "ಎಂತಕ್ಕೆ ಮಾರಾಯ ಅಷ್ಟೊಂದು, ನಮ್ಮತ್ರ ಕದಿಯೋಕೆ ಎಂತ ಇದೆ, ಆಂಟಿವೈರಸ್ ಇದ್ಯಲ್ಲ" ಅಂತಿದಾರೆ. ಸುಗ್ಗಿ ಬೇರೆ ಶುರು ಆಗ್ತಿದೆ. ಗುರುವಾರ ಮೀಟಿಂಗು, ನಾನೇ ಎದ್ದು ಹೇಳ್ಬೇಕು. ಎರಡಕ್ಕೂ ವ್ಯತ್ಯಾಸ ಎಂತದು, ಯಾರಾದ್ರೂ ಬಿಡ್ಸಿ ಹೇಳಿ.

ಸಾಗರದವ ಸದ್ಯ ಬೆಂಗ್ಳೂರು

ಏಳು ವರ್ಷದಿಂದ ಇದೇ ಕೆಲ್ಸ ನಂದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ಆ ಹುಡುಗನಿಗೆ ಒಂದು ಮಸಾಲೆ ದೋಸೆ ಕೊಡ್ಸಿ. ಅವ್ನು ಹಿಡಿದಿದ್ದಕ್ಕೆ ನಮ್ಮಲ್ಲಿ ಐಡೋರ್ ಅಂತೀವಿ. ಬಾಗ್ಲಲ್ಲಿ ಚೀಟಿ ನೋಡಿ ಒಳಗೆ ಬಿಟ್ರು, ಆದ್ರೆ ಗೋದಾಮಲ್ಲಿ ಯಾರ ಮೂಟೆ ಯಾರು ಹೊರ್ತಿದಾರೆ ಅಂತ ನೋಡೋರೇ ಇಲ್ಲ, ಅಷ್ಟೇ ಕಥೆ. ಇದೇನು ಅಪರೂಪದ್ದಲ್ಲ. ಓವಾಸ್ಪ್ ಅಂತ ಒಂದು ಸಂಸ್ಥೆ ವೆಬ್‌ಸೈಟ್‌ಗಳಲ್ಲಿ ಆಗೋ ಮುಖ್ಯ ಹತ್ತು ತಪ್ಪುಗಳ ಪಟ್ಟಿ ಮಾಡುತ್ತೆ, 2017ರ ಪಟ್ಟೀಲಿ ಈ ಜಾತಿ ತಪ್ಪು ಐದನೇ ಜಾಗದಲ್ಲಿತ್ತು, 2021ರಲ್ಲಿ ಒಂದನೇ ಜಾಗಕ್ಕೆ ಬಂತು. ಸರಿ ಮಾಡೋದು ಹೇಗೆ ಅಂದ್ರೆ ಪ್ರತಿ ಸಲ ಖಾತೆ ಕೇಳಿದಾಗ ಸರ್ವರ್ "ಈ ಖಾತೆ ಈಗ ಲಾಗಿನ್ ಆಗಿರೋನದ್ದೇನಾ" ಅಂತ ನೋಡ್ಬೇಕು. ನಿಮ್ಮ ಸಾಫ್ಟ್‌ವೇರ್‌ನವ್ರು ನಂಬರ್ ತೆಗೆದು ಉದ್ದದ ಅಕ್ಷರ ಹಾಕಿದ್ವಿ ಸರಿಹೋಯ್ತು ಅಂತ ಹೇಳ್ತಾರೆ ನೋಡ್ತಿರಿ, ಒಪ್ಕೋಬೇಡಿ, ಅದು ಬಾಗ್ಲಿಗೆ ಬೀಗ ಹಾಕೋ ಬದ್ಲು ಬಾಗ್ಲ ಮುಂದೆ ಗಿಡ ನೆಟ್ಟ ಹಾಗೆ.

ಈಗ 18 ಸಾವಿರದ ವಿಷಯ. ಅವ್ರು ಮಾಡೋದು ನೆಸ್ಸಸ್ಸೋ ಓಪನ್‌ವಾಸೋ ಒಂದು ಸ್ಕ್ಯಾನರ್ ಓಡ್ಸಿ ಅದು ಕೊಟ್ಟ ಪಿಡಿಎಫ್‌ಗೆ ಅವರ ಲೋಗೋ ಹಾಕಿ ಕಳ್ಸೋದು ಅಂತ ನನ್ನ ಊಹೆ. ಸ್ಕ್ಯಾನ್ ಕೆಟ್ಟದ್ದು ಅಂತಲ್ಲ, ಯಾವ ಪೋರ್ಟ್ (ಹೊರಗಿಂದ ಸಂಪರ್ಕ ಬರೋ ಬಾಗ್ಲು) ತೆರೆದಿದೆ, ಯಾವ ಸಾಫ್ಟ್‌ವೇರ್ ಹಳೇದು, ಯಾವುದಕ್ಕೆ ಪ್ಯಾಚ್ (ತೂತು ಮುಚ್ಚೋ ಅಪ್‌ಡೇಟ್) ಹಾಕಿಲ್ಲ ಅನ್ನೋದನ್ನೆಲ್ಲಾ ಚೆನ್ನಾಗೇ ಹೇಳುತ್ತೆ. ಆದ್ರೆ ಅಜ್ಜನ ಖಾತೆ ಬಂದ್ರೂ ಪಕ್ಕದ ಮನೆಯವ್ರ ಖಾತೆ ಬಂದ್ರೂ ಅದಕ್ಕೆ ಎರಡೂ ಒಂದು ಪುಟ ಅಷ್ಟೇ, ಪುಟ ಸರಿಯಾಗಿ ಬಂತು ಅಂತ ಮುಂದೆ ಹೋಗುತ್ತೆ. ಇದು ಬೇರೆಯವ್ರದ್ದು ಅಂತ ಗೊತ್ತಾಗೋಕೆ ಮನುಷ್ಯ ಕೂತು ಎರಡು ಖಾತೆ ಇಟ್ಕೊಂಡು ಒಂದರಿಂದ ಇನ್ನೊಂದರದ್ದು ಕೇಳಿ ನೋಡ್ಬೇಕು. ಹಂಗಾಗಿ ನಿಮಗೊಂದು ಸುಲಭ ಪರೀಕ್ಷೆ ಹೇಳ್ತೀನಿ, ಟೆಸ್ಟ್ ಮಾಡೋಕೆ ಬರೋರು ನಿಮ್ಮತ್ರ ಕನಿಷ್ಠ ಎರಡು ಲಾಗಿನ್ ಕೇಳ್ಲಿಲ್ಲ ಅಂದ್ರೆ ಅವ್ರು ಇದನ್ನ ನೋಡೋದೇ ಇಲ್ಲ. ನಮ್ಮ ಕಡೆ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಕೆಳಗೆ ನಿಂತು ಕತ್ತೆತ್ತಿ ಅಡಿಕೆ ಗೊನೆಗೆ ಕೊಳೆರೋಗ ಬಂದಿದ್ಯಾ ಅಂತ ನೋಡೋದು ಸ್ಕ್ಯಾನು, ಮರ ಹತ್ತಿ ಕಾಯಿ ಬಿಡ್ಸಿ ನೋಡೋದು ಪೆನ್‌ಟೆಸ್ಟು. ಮತ್ತೆ ಆ ನೂರಕ್ಕೆ ನೂರು ಸರ್ಟಿಫಿಕೇಟು, ಅದನ್ನ ನಾಚಿಕೆ ಇರೋರು ಯಾರೂ ಕೊಡಲ್ಲ.

ಎರಡೂವರೆ ಲಕ್ಷದವ್ರು ಪ್ರಶ್ನೆ ಕೇಳಿದ್ದು ಒಳ್ಳೆ ಲಕ್ಷಣ, ಆದ್ರೆ ಬೆಲೆ ನಿಮ್ಮ ಸೈಜಿಗೆ ಜಾಸ್ತಿ ಅನ್ಸುತ್ತೆ. ಸದ್ಯಕ್ಕೆ ಬರೀ ಸದಸ್ಯರ ವೆಬ್‌ಸೈಟ್ ಮಾತ್ರ ಮಾಡಿ, ಆಫೀಸ್ ನೆಟ್‌ವರ್ಕ್ ಆಮೇಲೆ ನೋಡೋಣ ಅಂತ ಹೇಳಿ ಕೇಳಿ, ಅರ್ಧಕ್ಕಿಂತ ಕೆಳಗೆ ಬರ್ಬಹುದು. ಹೆಸರು ಅಳ್ಸಿದ ಹಳೇ ರಿಪೋರ್ಟ್ ಒಂದು ತೋರ್ಸಿ ಅನ್ನಿ. ನೀವು ಸರಿ ಮಾಡಿದ ಮೇಲೆ ಮತ್ತೊಮ್ಮೆ ಬಂದು ನೋಡೋದು ಅದೇ ದುಡ್ಡಲ್ಲಿ ಸೇರಿದ್ಯಾ ಕೇಳಿ, ಇದನ್ನ ತುಂಬಾ ಜನ ಮರೀತಾರೆ. ಸರ್ಟ್-ಇನ್ ಅಂತ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆ ಸಂಸ್ಥೆ ಇದೆ, ಅದರ ಸೈಟಲ್ಲಿ ಅವ್ರು ಒಪ್ಪಿರೋ ಆಡಿಟರ್‌ಗಳ ಪಟ್ಟಿ ಇದೆ, ಅದ್ರಲ್ಲಿ ಹೆಸರಿದ್ಯಾ ನೋಡಿ, ಪಟ್ಟೀಲಿದ್ದ ಮಾತ್ರಕ್ಕೆ ಬರೋ ಹುಡುಗ್ರು ಚೆನ್ನಾಗಿ ಕೆಲ್ಸ ಮಾಡ್ತಾರೆ ಅಂತ ಏನಿಲ್ಲ.

ಇನ್ನೊಂದು, ಅನುಮತಿ ಪತ್ರ ಇಲ್ದೇ ಯಾರಿಗೂ ಕೈ ಹಾಕೋಕೆ ಬಿಡ್ಬೇಡಿ. ಯಾವ ಸೈಟು, ಯಾವ ದಿನ, ಎಷ್ಟೊತ್ತಿಂದ ಎಷ್ಟೊತ್ತಿಗೆ, ಸೈಟ್ ಬಿದ್ದೋದ್ರೆ ಯಾರಿಗೆ ಫೋನು, ಎಂತೆಂತ ಮಾಡ್ಬಾರ್ದು, ಕೈಗೆ ಸಿಕ್ಕ ಮಾಹಿತಿ ಯಾವಾಗ ಅಳಿಸ್ತಾರೆ, ಎಲ್ಲಾ ಇರ್ಲಿ. ಸರ್ವರ್ ಸಾಫ್ಟ್‌ವೇರ್‌ನವ್ರದ್ದಾದ್ರೆ ಅವ್ರದ್ದೂ ಒಪ್ಪಿಗೆ ಬೇಕು. 2000ನೇ ಇಸವಿ ಐಟಿ ಕಾಯ್ದೆಯ 43 ಮತ್ತೆ 66ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ದೇ ಹೊಕ್ಕಿದ್ದು ಕೆಟ್ಟ ಉದ್ದೇಶದಿಂದ ಅಂತಾದ್ರೆ ಮೂರು ವರ್ಷದವರೆಗೆ ಜೈಲು ಇಲ್ಲಾ ಐದು ಲಕ್ಷದವರೆಗೆ ದಂಡ, ಎರಡೂ ಆಗ್ಬಹುದು. ನಿಮ್ಮ ಕಾರ್ಯದರ್ಶಿ ಸುಮ್ನೆ ಹೆದರ್ಸಿದ್ದಲ್ಲ. ಹುಡುಗ ನಾಲ್ಕು ನೋಡಿ ನಿಲ್ಸಿ ಬಂದು ಹೇಳಿದ್ದು ಬಚಾವು.

ದುರ್ಗಿಗುಡಿ ಟ್ಯಾಲಿ

ಸಾಗರದವ್ರು ಹೇಳಿದ್ದು ಸರಿ ಆದ್ರೆ ನಾನು ಒಂದು ಪೈಸೆನೂ ಕೊಡ್ಬೇಡಿ ಅಂತೀನಿ, ಈಗಲೇ ಅಂತೂ ಬೇಡ. 20 ವರ್ಷದಿಂದ ಅಂಗಡಿ ಮಂಡಿ ಸೊಸೈಟಿ ಅಂತ ಟ್ಯಾಲಿ ಸರ್ವಿಸ್ ಮಾಡ್ಕೊಂಡು ಸುತ್ತೋನು ನಾನು, ನೋಡಿದ್ದು ಹೇಳ್ತೀನಿ. ಒಂದು ಮಂಡೀಲಿ ಮಾಲೀಕ್ರು ಮನೇಲಿ ಕೂತು ಲೆಕ್ಕ ನೋಡ್ಬೇಕು ಅಂತ ಯಾರೋ ರಿಮೋಟ್ ಡೆಸ್ಕ್‌ಟಾಪ್ ಸೀದಾ ಇಂಟರ್ನೆಟ್‌ಗೆ ತೆರೆದಿಟ್ಟಿದ್ರು, ಪಾಸ್‌ವರ್ಡ್ ಅಂಗಡಿ ಹೆಸರು ಆಮೇಲೆ 123, ಮಾರ್ಚ್ ತಿಂಗಳು, ಶನಿವಾರ ಸಂಜೆ ಬಾಗ್ಲು ಹಾಕ್ಕೊಂಡು ಹೋಗಿದಾರೆ ಸೋಮವಾರ ಬಂದು ನೋಡಿದ್ರೆ ಎಲ್ಲಾ ಫೈಲಿನ ಬಾಲ ಬದ್ಲಾಗಿದೆ, ಪ್ರತಿ ಫೋಲ್ಡರಲ್ಲೂ ದುಡ್ಡು ಕೊಡಿ ಅಂತ ಒಂದು ಚೀಟಿ. ಬ್ಯಾಕಪ್ ಇದೆ ಅಂತ ಧೈರ್ಯವಾಗಿದ್ರು, ಬ್ಯಾಕಪ್ ಹಾರ್ಡ್‌ಡಿಸ್ಕ್ ಅದೇ ಕಂಪ್ಯೂಟರ್‌ಗೆ ದಿನವಿಡೀ ಸಿಕ್ಕಿಸಿರೋದು, ಅದೂ ಹೋಗಿತ್ತು. ಉಳಿದಿದ್ದು ನವೆಂಬರದ್ದು ಒಂದು ಪೆನ್‌ಡ್ರೈವ್, ಅದೂ ಅಲ್ಲಿನ ಹುಡುಗ ಮನೆಗೆ ಒಯ್ದು ವಾಪಸ್ ತರೋಕೆ ಮರ್ತಿದ್ದಕ್ಕೆ. ದುಡ್ಡು ಕೊಡ್ಲಿಲ್ಲ, ಮೂರು ಜನ ಕೂತು ನಾಲ್ಕು ತಿಂಗಳ ಪಟ್ಟಿ ಕಾಗದ ನೋಡ್ಕೊಂಡು ಮತ್ತೆ ಟೈಪ್ ಮಾಡಿದ್ರು, ಯುಗಾದಿ ಎಲ್ಲಾ ಅಲ್ಲೇ ಆಯ್ತು. ಇದನ್ನ ಹೇಳೋಕೆ ಬೆಂಗಳೂರಿಂದ ಯಾರೂ ಬರ್ಬೇಕಿರ್ಲಿಲ್ಲ.

ಗುಮಾಸ್ತರೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಸಂಘದಲ್ಲಿ ಎಷ್ಟು ಕಂಪ್ಯೂಟರ್, ಯಾವುದ್ರಲ್ಲಿ ಯಾವ ವಿಂಡೋಸ್, ಕೊನೇ ಸಲ ಅಪ್‌ಡೇಟ್ ಆಗಿದ್ದು ಯಾವಾಗ, ರೂಟರ್, ಸಿಸಿಟಿವಿ ಡಬ್ಬ, ಬಯೋಮೆಟ್ರಿಕ್, ಎಲ್ಲಾ ಬರೀರಿ. ನನ್ ಪ್ರಕಾರ ವಲ್ನರಬಿಲಿಟಿ ಮ್ಯಾನೇಜ್‌ಮೆಂಟ್ ಅಂದ್ರೆ ಆ ನೋಟ್‌ಬುಕ್ಕೇ. ನಿಮ್ಮ ವೇಬ್ರಿಡ್ಜ್ ಕಂಪ್ಯೂಟರಲ್ಲಿ ವಿಂಡೋಸ್ 7 ಇರುತ್ತೆ ನೋಡಿ, ಬೆಟ್ ಕಟ್ತೀನಿ. ಅದಕ್ಕೆ ಅಪ್‌ಡೇಟ್ ಬರೋದು 2020 ಜನವರಿ 14ಕ್ಕೇ ನಿಂತಿದೆ, ವಿಂಡೋಸ್ 10ಕ್ಕೂ 2025 ಅಕ್ಟೋಬರ್ 14ಕ್ಕೆ ಮುಗೀತು. ವೇಬ್ರಿಡ್ಜ್ ಸಾಫ್ಟ್‌ವೇರ್ ಹೊಸದ್ರಲ್ಲಿ ಓಡಲ್ಲ ಅಂತಾದ್ರೆ ಅದರ ನೆಟ್ ವಯರ್ ಕಿತ್ತಾಕಿ, ತೂಕ ಹಾಕೋಕೆ ಇಂಟರ್ನೆಟ್ ಎಂತಕ್ಕೆ. ಹಿಂಗೇ ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ಬಂದಿದ್ದು 2017 ಮೇ 12ಕ್ಕೆ, ಅದಕ್ಕೆ ಮೈಕ್ರೋಸಾಫ್ಟ್‌ನವ್ರು ಪ್ಯಾಚ್ ಬಿಟ್ಟಿದ್ದು ಮಾರ್ಚ್ 14ಕ್ಕೆ, ಸುಮಾರು ಎರಡು ತಿಂಗಳು ಟೈಮ್ ಇತ್ತು, ಹಾಕ್ಕೊಂಡೋರು ಬಚಾವಾದ್ರು.

ಆಮೇಲೆ ಸಾಫ್ಟ್‌ವೇರ್ ಹುಡುಗ್ರು ದೂರದಿಂದ ಕಂಪ್ಯೂಟರ್ ನಡೆಸೋಕೆ ಅಂತ ಹಾಕಿ ಹೋಗಿರೋ ಎನಿಡೆಸ್ಕ್ ತೆಗೀರಿ, ಕೆಲ್ಸ ಬಿಟ್ಟು ಹೋದೋರ ಲಾಗಿನ್ ತೆಗೀರಿ, ರೂಟರ್ ಪಾಸ್‌ವರ್ಡ್ ಇನ್ನೂ ಅಡ್ಮಿನ್ ಅಡ್ಮಿನ್ ಇರುತ್ತೆ ಬದಲಾಯಿಸಿ, ಎರಡು ಹಾರ್ಡ್‌ಡಿಸ್ಕ್ ತಂದು ಒಂದು ಬೀರುವಲ್ಲಿಡಿ ಇನ್ನೊಂದು ವಾರಕ್ಕೊಮ್ಮೆ ಬೇರೆ ಕಟ್ಟಡಕ್ಕೆ ಹೋಗ್ಲಿ. ತಿಂಗಳಿಗೊಂದ್ಸಲ ಬ್ಯಾಕಪ್‌ನ ಬೇರೆ ಕಂಪ್ಯೂಟರ್‌ಗೆ ಹಾಕಿ ತೆರೆಯುತ್ತಾ ನೋಡಿ, ತೆರೆಯದೇ ಇರೋ ಬ್ಯಾಕಪ್ ನಾನು ಬೇಕಾದಷ್ಟು ನೋಡಿದೀನಿ. ಇಷ್ಟೆಲ್ಲಾ ಆದ್ಮೇಲೆ ಪೆನ್‌ಟೆಸ್ಟು.

ಸಾಗರದವ ಸದ್ಯ ಬೆಂಗ್ಳೂರು

ಟ್ಯಾಲಿ ಸಾರ್, ಆಫೀಸಿನ ವಿಷಯಕ್ಕೆ ನೀವು ಹೇಳಿದ್ದಕ್ಕೆ ಎರಡು ಮಾತಿಲ್ಲ. ಆದ್ರೆ ಅವ್ರ ವೆಬ್‌ಸೈಟ್ ತೂತು ಈಗ ತೆರೆದೇ ಇದೆ, ಹಾರ್ಡ್‌ಡಿಸ್ಕ್ ಬೀರುವಲ್ಲಿಟ್ರೆ ಅದು ಮುಚ್ಚಲ್ಲ.

ಕೊನೆಗೌಡ

ಕಂಪ್ಯೂಟರ್ ನನಗೆ ಗೊತ್ತಿಲ್ಲ. ಆದ್ರೆ ಕೊಳೆ ಉದಾಹರಣೆ ಕೊಟ್ರಲ್ಲ, ಮಳೆ ಹಿಡಿಯೋ ಮೊದ್ಲು ಒಂದ್ಸಲ ಬೋರ್ಡೋ ದ್ರಾವಣ ಹೊಡೆದು ಸುಮ್ನೆ ಕೂತ್ರೆ ಆಗಲ್ಲ ಮಾರಾಯ್ರೆ, 40-45 ದಿನಕ್ಕೆ ಮತ್ತೆ ಹತ್ಬೇಕು. ಎರಡನೇ ಸಲಕ್ಕೆ ಕೂಲಿ ಯಾರು ಕೊಡ್ತಾರೆ ಅಂತ ಮೊದ್ಲೇ ಮಾತಾಡ್ಕೊಳ್ಳಿ.

ಭದ್ರಾವತಿ ಐಟಿ

ಸಹಕಾರಿ ಬ್ಯಾಂಕೊಂದರ ಐಟಿ ವಿಭಾಗದಲ್ಲಿದೀನಿ. ಎರಡನೇ ಸಲ ಹತ್ತೋ ವಿಷಯಕ್ಕೇ ಬರ್ತೀನಿ, ನಮ್ಮ ಬ್ಯಾಂಕ್ ಎಡವಿದ್ದು ಅಲ್ಲೇ.

ಮೊದಲ ವರ್ಷ ಸ್ಕ್ಯಾನ್ ಮಾಡ್ಸಿದಾಗ ನಾಲ್ಕುನೂರು ಪುಟದ ರಿಪೋರ್ಟ್ ಬಂತು. ಸ್ಪೈರಲ್ ಬೈಂಡಿಂಗ್ ಹಾಕ್ಸಿ ಮ್ಯಾನೇಜರ್ ಟೇಬಲ್ ಮೇಲಿಟ್ವಿ, ಇನ್‌ಸ್ಪೆಕ್ಷನ್‌ಗೆ ಬಂದವ್ರು ನೋಡಿ ಟಿಕ್ ಹಾಕಿದ್ರು. ಎರಡನೇ ವರ್ಷ ಮತ್ತೆ ಮಾಡ್ಸಿದ್ರೆ ಅದೇ ರಿಪೋರ್ಟು, ದಿನಾಂಕ ಮಾತ್ರ ಬೇರೆ. ಒಂದೂ ಸರಿ ಆಗಿರ್ಲಿಲ್ಲ, ಯಾಕಂದ್ರೆ ಯಾವುದನ್ನ ಯಾರು ಮಾಡ್ಬೇಕು ಅಂತ ಯಾರಿಗೂ ಹೇಳಿರ್ಲಿಲ್ಲ. ತಿಂಗಳಿಗಿಷ್ಟು ಅಂತ ನಿಮ್ಮತ್ರ ಕೇಳ್ತಿರೋದು ಈ ಕೆಲ್ಸಕ್ಕೆ, ಸಿಕ್ಕಿದ ತೂತುಗಳನ್ನ ಸಾಲಾಗಿ ಬರೆದು ಯಾವುದು ಮೊದ್ಲು ಅಂತ ತೀರ್ಮಾನ ಮಾಡಿ ಮುಚ್ಚೋವರೆಗೆ ಬೆನ್ನು ಹತ್ತೋದು. ನಿಮ್ಮ ಸೈಜಿಗೆ ಅದನ್ನ ಹೊರಗಿನವ್ರಿಗೆ ಕೊಡೋ ಅಗತ್ಯ ಇಲ್ಲ, ಟ್ಯಾಲಿ ಸಾರ್ ನೋಟ್‌ಬುಕ್ಕಿಗೆ ಇನ್ನೊಂದು ನಾಲ್ಕು ಕಾಲಂ ಎಳೆದ್ರೆ ಸಾಕು.

ಯಾವುದು ಮೊದ್ಲು ಅನ್ನೋದ್ರಲ್ಲೇ ಎಲ್ರೂ ತಪ್ಪೋದು. ರಿಪೋರ್ಟಲ್ಲಿ ಸಿವಿಎಸ್‌ಎಸ್ ಅಂತ ತೂತು ಎಷ್ಟು ಅಪಾಯದ್ದು ಅನ್ನೋಕೆ ಹತ್ತಕ್ಕೆ ಇಷ್ಟು ಅಂತ ಅಂಕ ಇರುತ್ತೆ, 9 ಇಲ್ಲಾ ಅದರ ಮೇಲಿದ್ರೆ ಕ್ರಿಟಿಕಲ್ಲು, 7ರಿಂದ 8.9 ಹೈ, ಹಂಗೆ. ನಾವು ಅಂಕ ನೋಡ್ಕೊಂಡು ಮೇಲಿಂದ ಶುರು ಮಾಡಿದ್ವಿ, ಒಳಗಿನ ರೂಮಿನ ಪ್ರಿಂಟರ್ ಒಂದಕ್ಕೆ 9.8 ಇತ್ತು, ಅದಕ್ಕೇ ಮೂರು ದಿನ ಹೋಯ್ತು. ಅಷ್ಟರಲ್ಲಿ ಇಂಟರ್ನೆಟ್‌ಗೆ ಮುಖ ಮಾಡಿದ್ದ ಲಾಗಿನ್ ಪುಟದ 6.5 ಹಂಗೇ ಕೂತಿತ್ತು. ಈಗ ನಾವು ಕೇಳೋದು ಎರಡೇ, ಹೊರಗಿನಿಂದ ಮುಟ್ಟೋಕೆ ಆಗುತ್ತಾ, ಕಳ್ಳರು ಇದನ್ನ ಈಗಾಗ್ಲೇ ಬಳಸ್ತಿದಾರಾ. ಎರಡನೇದಕ್ಕೆ ಅಮೆರಿಕದ ಸೀಸಾ ಅನ್ನೋ ಸರ್ಕಾರಿ ಸಂಸ್ಥೆ 2021 ನವೆಂಬರಿಂದ ಒಂದು ಪಟ್ಟಿ ಇಟ್ಟಿದೆ, ಕೆಇವಿ ಅಂತ, ಯಾರು ಬೇಕಾದ್ರೂ ನೋಡ್ಬಹುದು, ಪುಕ್ಕಟೆ. ಎರಡಕ್ಕೂ ಹೌದು ಅಂದ್ರೆ ನಮ್ಮಲ್ಲಿ ಮೂರು ದಿನ ಗಡುವು, ಮಿಕ್ಕಿದ್ದಕ್ಕೆ ಒಂದು ತಿಂಗಳು. ಸರಿ ಮಾಡೋಕಾಗಲ್ಲ ಅಂತಾದ್ರೆ ಯಾಕೆ ಅಂತ ಬರೆದು ಒಬ್ರು ಸಹಿ ಹಾಕ್ಬೇಕು. ಆ ಸಹಿ ಕಾಲಂ ಹಾಕಿದ ಮೇಲೆ ಆಗಲ್ಲ ಅಂತಿದ್ದ ಅರ್ಧ ಕೆಲ್ಸ ಆಗೋಕೆ ಶುರುವಾಯ್ತು, ನಿಜ ಹೇಳ್ತೀನಿ. ಹಂಗಂತ ಪ್ಯಾಚ್‌ನ ಶುಕ್ರವಾರ ಸಂಜೆ ಹಾಕ್ಬೇಡಿ, ಒಂದ್ಸಲ ಹಾಕಿ ಶನಿವಾರ ಪಾಸ್‌ಬುಕ್ ಪ್ರಿಂಟರ್ ಎಲ್ಲಾ ನಿಂತು ಕೌಂಟರಲ್ಲಿ ಬೈಗುಳ ತಿಂದಿದೀವಿ.

ನಿಮ್ಮ ಅಧ್ಯಕ್ಷರಿಗೆ ಎರಡು ವಿಷಯ ಹೇಳಿ. 2018 ಆಗಸ್ಟಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಸಿಸ್ಟಮ್ ಹೊಕ್ಕು ಸುಮಾರು 94 ಕೋಟಿ ಹೊಡೆದ್ರು, ನಕಲಿ ಕಾರ್ಡ್ ಹಿಡ್ಕೊಂಡು 28 ದೇಶದ ಎಟಿಎಂಗಳಲ್ಲಿ ದುಡ್ಡು ತೆಗೆದ್ರು. ಅದು ದೊಡ್ಡ ಬ್ಯಾಂಕು ಅಂದ್ರೆ ಇನ್ನೊಂದು ಇದೆ, 2024 ಜುಲೈ ಕೊನೇಲಿ ಸಿ-ಎಡ್ಜ್ ಅನ್ನೋ ಕಂಪನಿಗೆ ಟ್ಯಾಲಿ ಸಾರ್ ಹೇಳಿದಂಥದ್ದೇ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ಬಂತು, ಸಣ್ಣ ಸಣ್ಣ ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಕೊಡೋರು ಅವ್ರು. ಯುಪಿಐ ನಡೆಸೋ ಎನ್‌ಪಿಸಿಐನವ್ರು ಅವ್ರ ಸಂಪರ್ಕ ಕಡಿದ್ರು, ಸುಮಾರು 300 ಬ್ಯಾಂಕಿನ ಗ್ರಾಹಕ್ರಿಗೆ ಯುಪಿಐ ನಿಂತೋಯ್ತು. ಅವ್ರ ಜೊತೆ ಕೆಲ್ಸ ಮಾಡೋ ಇನ್ನೊಂದು ಕಂಪನೀಲಿ ಸರಿಯಾಗಿ ಕೂರಿಸದ ಜೆಂಕಿನ್ಸ್ (ಸಾಫ್ಟ್‌ವೇರ್ ತಯಾರಿಸೋರು ಬಳಸೋ ಟೂಲ್) ಸರ್ವರಿಂದ ಶುರುವಾಗಿದ್ದು ಅಂತ ಕ್ಲೌಡ್‌ಸೆಕ್ ಅನ್ನೋ ಸೈಬರ್ ಸುರಕ್ಷತೆ ಕಂಪನಿಯವ್ರು ಆಮೇಲೆ ವಿಶ್ಲೇಷಣೆ ಹಾಕಿದ್ರು, ಅವ್ರು ತೋರ್ಸಿದ ತೂತಿಗೆ ಆ ಜನವರೀಲೇ ಪ್ಯಾಚ್ ಬಂದಿತ್ತು. ಅಂದ್ರೆ ಆ 300 ಬ್ಯಾಂಕಿನವ್ರು ಏನೂ ಮಾಡಿರ್ಲಿಲ್ಲ, ಅವ್ರ ಸಾಫ್ಟ್‌ವೇರ್‌ನವ್ರ ಸ್ನೇಹಿತ್ರು ಮಾಡಿದ್ದು. ನಿಮ್ಮ "ರೈತರು ಹಂಗೆಲ್ಲಾ ಮಾಡಲ್ಲ" ಪಾರ್ಟಿ ಜೊತೆ ಒಪ್ಪಂದ ಪತ್ರ ಇದ್ಯಾ, ಇದ್ರೆ ತೂತು ಸಿಕ್ಕಿದ್ರೆ ಎಷ್ಟು ದಿನದಲ್ಲಿ ಮುಚ್ತಾರೆ ಅಂತ ಅದ್ರಲ್ಲಿದ್ಯಾ ನೋಡಿ.

ಎಷ್ಟು ಸಲ ಮಾಡ್ಸೋದು ಅಂತ ಕೇಳಿದ್ರೆ ಆರ್‌ಬಿಐ 2023 ನವೆಂಬರಲ್ಲಿ ಹೊರಡ್ಸಿದ ನಿರ್ದೇಶನ ಅಳತೆಗೆ ಇಟ್ಕೊಳ್ಳಿ, ಮುಖ್ಯವಾದ ಸಿಸ್ಟಮ್‌ಗಳಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನು, ವರ್ಷಕ್ಕೊಮ್ಮೆ ಪೆನ್‌ಟೆಸ್ಟು. ನಿಮ್ಮಂಥ ಸಂಘಕ್ಕೆ ಅದು ನೇರ ಅನ್ವಯ ಆಗಲ್ಲ.

ಕೊನೇದಾಗಿ ಒಂದು, ಇದನ್ನ ಇಲ್ಲಿ ಯಾರೂ ಕೇಳ್ಲಿಲ್ಲ. ನಿಮ್ಮ ಹುಡುಗನೇ ಮೊದಲನೆಯವ್ನು ಅಂತ ಹೇಗೆ ಗೊತ್ತು? ಸೈಟ್ ವರ್ಷದಿಂದ ಹಂಗೇ ಇದೆ. ಮೀಟಿಂಗ್ ಆಮೇಲೆ ಇರ್ಲಿ, ಇವತ್ತೇ ಸೈಟ್ ಬಂದ್ ಮಾಡ್ಸಿ, ಸರ್ವರ್ ಲಾಗ್, ಅಂದ್ರೆ ಯಾವಾಗ ಎಲ್ಲಿಂದ ಯಾವ ಪುಟ ಕೇಳಿದ್ರು ಅನ್ನೋ ದಾಖಲೆ, ಕೊಡಿ ಅಂತ ಬರಹದಲ್ಲಿ ಕೇಳಿ. ಒಂದೇ ಕಡೆಯಿಂದ ಖಾತೆ ನಂಬರ್ ಸಾಲಾಗಿ 101, 102, 103 ಅಂತ ಕೇಳಿದ್ದು ಇದ್ರೆ ಯಾರೋ ಬಂದು ಹೋಗಿದಾರೆ ಅಂತ ಅರ್ಥ. ಸರ್ಟ್-ಇನ್ 2022 ಏಪ್ರಿಲ್ 28ರ ಆದೇಶದಲ್ಲಿ ಲಾಗ್ 180 ದಿನ ಇಡ್ಬೇಕು, ಇಂಥದ್ದು ಗೊತ್ತಾದ 6 ಗಂಟೆ ಒಳಗೆ ತಿಳಿಸ್ಬೇಕು ಅಂತಿದೆ.

ತೀರ್ಥಳ್ಳಿ ಗುಮಾಸ್ತ

ಭದ್ರಾವತಿ ಸಾರ್ ಬರೆದಿದ್ದು ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಿಗ್ಗೆನೇ ಸೈಟ್ ಬಂದ್ ಮಾಡ್ಸಿ ಲಾಗ್ ಕೇಳಿದ್ವಿ. 30 ದಿನದ್ದು ಮಾತ್ರ ಇದೆ ಅಂದ್ರು, 180 ಎಲ್ಲಿ ಅಂದ್ರೆ ಜಾಗ ಸಾಲಲ್ಲ ಸಾರ್ ಅಂತ. ಒಪ್ಪಂದ ಪತ್ರ ಹುಡುಕಿದ್ರೆ ಒಂದೂವರೆ ಪುಟ, ದುಡ್ಡು ಯಾವಾಗ ಕೊಡ್ಬೇಕು ಅನ್ನೋದು ಬಿಟ್ಟು ಬೇರೆ ಏನೂ ಇಲ್ಲ. ಮತ್ತೆ ಟ್ಯಾಲಿ ಸಾರ್, ವೇಬ್ರಿಡ್ಜಲ್ಲಿ ವಿಂಡೋಸ್ 7ನೇ, ಬೆಟ್ ನಿಮ್ಮದೇ.

30 ದಿನದ ಲಾಗ್ ಎಕ್ಸೆಲ್‌ಗೆ ಹಾಕಿ ನೋಡ್ತಾ ಹೋದೆ. ಹಬ್ಬದ ಎರಡನೇ ರಾತ್ರಿ 11:40ರಿಂದ 12:05ರವರೆಗೆ ಒಂದೇ ಕಡೆಯಿಂದ 212 ಖಾತೆ, ಸಾಲಾಗಿ, ಒಂದೂ ಬಿಟ್ಟಿಲ್ಲ. ಕೈಕಾಲು ತಣ್ಣಗಾಯ್ತು. ಯಾರು ಏನು ಅಂತ ನೋಡ್ತಾ ನೋಡ್ತಾ ಆ ಐಪಿ (ಇಂಟರ್ನೆಟ್ ವಿಳಾಸ) ಎಲ್ಲೋ ನೋಡಿದೀನಿ ಅನ್ನಿಸ್ತು, ನೋಡಿದ್ರೆ ನಮ್ಮಕ್ಕನ ಮನೆ ವೈಫೈದೇ.

ನಾಲ್ಕೇ ನೋಡಿದ್ದು ಅಂದಿದ್ದ ಭೂಪ. ಫೋನ್ ಮಾಡಿ ಜಗ್ಗಿದ್ಮೇಲೆ ಬಾಯಿ ಬಿಟ್ಟ, ಎಷ್ಟು ಬರುತ್ತೆ ನೋಡೋಣ ಅಂತ ಒಂದು ಸಣ್ಣ ಪ್ರೋಗ್ರಾಂ ಬರೆದು ಓಡ್ಸಿದ್ನಂತೆ, ಕಾರ್ಯದರ್ಶಿ ಬೈದ ಮೇಲೆ ಹೇಳೋಕೆ ಹೆದರಿಕೆ ಆಯ್ತಂತೆ. 212 ಜನರ ಲೆಕ್ಕ ಈಗ ಅವನ ಲ್ಯಾಪ್‌ಟಾಪಲ್ಲಿದೆ. ಇದನ್ನೂ ಸರ್ಟ್-ಇನ್‌ಗೆ ಬರೀಬೇಕಾ? ಬರೆದ್ರೆ ಅವನ ಗತಿ ಎಂತ? ಸ್ವಂತ ಅಕ್ಕನ ಮಗ.

ಸಾಗರದವ ಸದ್ಯ ಬೆಂಗ್ಳೂರು

ದೋಸೆ ವಾಪಸ್ ತಗೊಳ್ಳಿ.

ತಮಾಷೆ ಬಿಡಿ, ಬರೀಬೇಕು. ಅನುಮತಿ ಇಲ್ದೇ ಮಾಹಿತಿ ನೋಡಿದ್ದು, ಮಾಹಿತಿ ಸೋರಿದ್ದು ಎರಡೂ ಸರ್ಟ್-ಇನ್ ತಿಳಿಸಿ ಅಂದಿರೋ ಪಟ್ಟೀಲಿದೆ. 6 ಗಂಟೆ ದಾಟಿದೆ ಅಂತ ಬಿಡ್ಬೇಡಿ, ಈಗ್ಲಾದ್ರೂ ಕಳ್ಸಿ, ಆದದ್ದು ಆದ ಹಾಗೆ ಬರೀರಿ. ನಿಮ್ಮ ಸಂಬಂಧಿಕ ಆಗಿರೋದ್ರಿಂದ ಆ ಪತ್ರ ನೀವು ಬರೀಬೇಡಿ, ಕಾರ್ಯದರ್ಶಿ ಬರೀಲಿ. ಹುಡುಗನ ಹತ್ರ ಯಾವ ದಿನ ಎಂತ ಮಾಡಿದ, ಯಾರಿಗೂ ಕಳ್ಸಿಲ್ಲ ಅಂತ ಕೈಬರಹದಲ್ಲಿ ಬರೆಸ್ಕೊಳ್ಳಿ, ತಾನೇ ಬಂದು ಹೇಳಿದ್ದು ಅವನ ಪರವಾಗೇ ಇರುತ್ತೆ. ಫೈಲ್ ಈಗ್ಲೇ ಅಳಿಸೋಕೆ ಹೇಳ್ಬೇಡಿ, ಸಾಕ್ಷಿ ಅಳಿಸಿದ ಹಾಗಾಗುತ್ತೆ, ಲ್ಯಾಪ್‌ಟಾಪ್ ಆಫ್ ಮಾಡಿ ಇಡ್ಲಿ, ಒಬ್ರು ವಕೀಲ್ರ ಹತ್ರ ಕೇಳಿ ಮುಂದಿನದು. ಮತ್ತೆ 30 ದಿನದ ಹಿಂದಿನ ಹನ್ನೊಂದು ತಿಂಗಳು ಎಂತ ಆಗಿತ್ತು ಅನ್ನೋದು ಇನ್ಯಾವತ್ತೂ ಗೊತ್ತಾಗಲ್ಲ, ಅದನ್ನೂ ಮೀಟಿಂಗಲ್ಲಿ ಹೇಳಿ.

ತೀರ್ಥಳ್ಳಿ ಗುಮಾಸ್ತ

ಮೀಟಿಂಗ್ ಆಯ್ತು. ಪತ್ರ ಹೋಯ್ತು, ಕಾರ್ಯದರ್ಶಿನೇ ಸಹಿ ಹಾಕಿದ್ರು. 18 ಸಾವಿರದವ್ರನ್ನ ಬಿಟ್ವಿ, ಇನ್ನೊಬ್ರು ವೆಬ್‌ಸೈಟ್ ಮಾತ್ರ, ಮರುಪರೀಕ್ಷೆ ಸೇರಿ 95 ಸಾವಿರಕ್ಕೆ ಇಳಿದಿದಾರೆ, ಎರಡು ಲಾಗಿನ್ ಅವ್ರೇ ಕೇಳಿದ್ರು. ಸಾಫ್ಟ್‌ವೇರ್‌ನವ್ರು ತೂತು ಮುಚ್ಚಿದ್ವಿ ಅಂತ ಇಮೇಲ್ ಹಾಕಿದಾರೆ, ನೋಡಿದ್ರೆ ನಂಬರ್ ಬದ್ಲು ಉದ್ದದ ಅಕ್ಷರ.

ಸೈಟ್ ಬಂದಾಗಿರೋದ್ರಿಂದ ಸದಸ್ಯರೆಲ್ಲಾ ಪಟ್ಟಿ ಕೇಳ್ಕೊಂಡು ಕೌಂಟರ್‌ಗೇ ಬರ್ತಿದಾರೆ. ನಿನ್ನೆ ಅಜ್ಜನೂ ಬಂದಿದ್ರು, "ನಿಮ್ಮ ಕಂಪ್ಯೂಟರ್ ಕೆಟ್ಟಿದ್ಯಂತಲ್ಲ, ನಮ್ಮ ಮಾಣಿ ಹತ್ರ ತೋರ್ಸಬಹುದಿತ್ತು, ಅವ್ನಿಗೆ ಅದೆಲ್ಲಾ ಬರುತ್ತೆ" ಅಂದ್ರು. ನಾನು ಪಟ್ಟಿ ಪ್ರಿಂಟ್ ಕೊಟ್ಟು ಕಳ್ಸಿದೆ.